ಕೆಲಸ ಹೋದ್ರೆ ಆರೋಗ್ಯ ವಿಮೆ ಏನಾಗುತ್ತೆ?

ಕೆಲಸ ಹೋಯ್ತು.
ಜೇಬಲ್ಲಿರೋ ಕಂಪನಿ ವಿಮೆ ಕಾರ್ಡ್ ಇನ್ನೂ ನಡೆಯುತ್ತಾ?

ಸಮೇತನಹಳ್ಳಿಯಿಂದ ವೈಟ್‌ಫೀಲ್ಡ್‌ಗೋ,
ಹೊಸಕೋಟೆ ಫ್ಯಾಕ್ಟರಿಗೋ ದಿನಾ ಓಡಾಡೋರೇ, ಕೇಳಿ.
ಸಾಮಾನ್ಯವಾಗಿ ನಿಮ್ಮ ಕೆಲಸದ ಕೊನೆ ದಿನಕ್ಕೇ ಕಂಪನಿಯ ಗುಂಪು ವಿಮೆನೂ ಮುಗಿಯುತ್ತೆ.
ಅದರಲ್ಲಿ ಹೆಸರಿರೋ ಅಪ್ಪ ಅಮ್ಮಂಗೂ ಅಷ್ಟೇ.

ಆದ್ರೆ ದಾರಿ ಇದೆ.
ಕೆಲಸ ಬಿಡೋ ಮುಂಚೆನೇ ಎಚ್‌ಆರ್‌ನ ಕೇಳಿ:
"ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೇಗೆ ಬದಲಾಗೋದು?"

ಯಾಕೆ ಗೊತ್ತಾ?
ಶುಗರ್, ಬಿಪಿ ಮೊದಲೇ ಇದ್ರೆ,
ಹೊಸ ಪಾಲಿಸಿ ಆ ಕಾಯಿಲೆಗಳ ಖರ್ಚು ಕೊಡೋಕೆ 3 ವರ್ಷದವರೆಗೂ ಕಾಯಿಸಬಹುದು.
ಇದು ರೇಷನ್ ಅಂಗಡಿ ಸಾಲಿದ್ದಂಗೆ.
ಸಾಲು ಬಿಡದೆ ಮುಂದುವರಿದ್ರೆ, ನಿಂತಿದ್ದು ಲೆಕ್ಕಕ್ಕೆ ಬರುತ್ತೆ.
ಬಿಟ್ಟು ಹೋದ್ರೆ, ಮತ್ತೆ ಕೊನೆಗೇ.

ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ.
ಏಜೆಂಟ್ "ಬೇಡ ಬಿಡಿ" ಅಂದ್ರೂ ಬರೀರಿ.
ನಾಳೆ ಕ್ಲೇಮ್ ತಿರಸ್ಕಾರ ಆಗೋಕೆ ಮುಚ್ಚಿಟ್ಟಿದ್ದೊಂದೇ ಸಾಕು.
ಪಾಲಿಸಿ ಕೈಗೆ ಬಂದ್ಮೇಲೂ 30 ದಿನ ಇದೆ.
ಓದಿ. ಒಪ್ಪಿಗೆ ಆಗ್ಲಿಲ್ವಾ, ವಾಪಸ್ ಮಾಡಿ.

ಪ್ರೀಮಿಯಂ ಕಟ್ಟೋ ಶಕ್ತಿ ಇಲ್ವಾ?
ಬಿಪಿಎಲ್ ಕಾರ್ಡ್ ಇದ್ರೆ,
ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ.
ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ.

ಮನೇಲಿ ಯಾರಾದ್ರೂ ಡೈರಿಗೆ ಹಾಲು ಹಾಕ್ತಾರಾ?
ಯಶಸ್ವಿನಿ ಆರೋಗ್ಯ ಯೋಜನೆಗೆ ನೋಂದಣಿ ಯಾವಾಗ ಅಂತ
ಸೊಸೈಟಿ ಕಾರ್ಯದರ್ಶಿನ ಇವತ್ತೇ ಕೇಳಿ.