ಷೇರು ಧಾರಣೆಯ ಏರಿಕೆ ಮತ್ತು ವಹಿವಾಟಿನ ಪ್ರಮಾಣ

ಮುಂಬಯಿಯ ದಾದರ್ ಹೂವಿನ ಮಾರುಕಟ್ಟೆಯಲ್ಲಿ ಹಬ್ಬದ ಮುನ್ನಾದಿನ ಯಾರೋ ಒಬ್ಬರು ಒಂದು ಬುಟ್ಟಿ ಸೇವಂತಿಗೆಗೆ ಎರಡರಷ್ಟು ಬೆಲೆ ತೆತ್ತರೆ ಅದನ್ನು ಅಂದಿನ ಧಾರಣೆಯೆಂದು ಯಾರೂ ಭಾವಿಸುವುದಿಲ್ಲ. ನೂರಾರು ಬುಟ್ಟಿಗಳು ಅದೇ ಬೆಲೆಗೆ ಮಾರಾಟವಾದಾಗ ಮಾತ್ರ ಬೆಲೆ ಏರಿತೆಂದು ಒಪ್ಪಲಾಗುತ್ತದೆ. ಅದೇ ನಗರದ ದಲಾಲ್ ಸ್ಟ್ರೀಟಿಗೂ ಈ ಮಾತು ಅನ್ವಯಿಸುತ್ತದೆ. ಆದರೆ ಡೊಂಬಿವಲಿ, ವಸಯಿ ಮುಂತಾದ ಉಪನಗರಗಳಲ್ಲಿ ನೆಲೆಸಿ ತಿಂಗಳ ಉಳಿತಾಯವನ್ನು ಷೇರುಗಳಲ್ಲಿ ತೊಡಗಿಸುವವರಲ್ಲಿ ಹಲವರು ಬೆಲೆಯನ್ನಷ್ಟೇ ನೋಡಿ, ವಹಿವಾಟಿನ ಪ್ರಮಾಣವನ್ನು ಗಮನಿಸದೆ ಬಿಡುತ್ತಾರೆ.

ಒಂದು ದಿನದಲ್ಲಿ ಮಾರಾಟವಾದ ಷೇರುಗಳ ಒಟ್ಟು ಸಂಖ್ಯೆಯೇ ವಹಿವಾಟಿನ ಪ್ರಮಾಣ. ಒಂದು ಕಂಪನಿಯ ಷೇರುಗಳು ದಿನಕ್ಕೆ ಸರಾಸರಿ 20,000ದಷ್ಟು ಮಾರಾಟವಾಗುತ್ತಿವೆ ಎಂದಿಟ್ಟುಕೊಳ್ಳೋಣ. ಬೆಲೆಯು 100 ರೂಪಾಯಿಯಿಂದ 110ಕ್ಕೆ ಏರಿದ ದಿನ 60,000 ಷೇರುಗಳು ಮಾರಾಟವಾಗಿದ್ದರೆ, ಹೆಚ್ಚಿನ ಬೆಲೆಗೂ ಕೊಳ್ಳುವ ಬೇಡಿಕೆ ಇದೆಯೆಂದು ತಿಳಿಯಬಹುದು. ಕೇವಲ 3,000 ಷೇರುಗಳಿಂದಲೇ ಅಷ್ಟು ಏರಿಕೆ ಆಗಿದ್ದರೆ ಆ ಬೆಲೆಗೆ ಆಧಾರ ಸಾಲದು. ಷೇರುಗಳನ್ನು ವಿಭಜಿಸಿದಾಗ ಸಂಖ್ಯೆ ತಾನಾಗಿಯೇ ಹಿಗ್ಗುವುದರಿಂದ ಹಿಂದಿನ ಸರಾಸರಿಯೊಡನೆ ಹೋಲಿಸುವಾಗ ಎಚ್ಚರ ಅಗತ್ಯ.

ಹಾಗೆಂದು ಹೆಚ್ಚಿನ ವಹಿವಾಟನ್ನು ಕಂಡೊಡನೆ ನಂಬುವಂತೆಯೂ ಇಲ್ಲ. ಷೇರುಗಳ ಸಂಖ್ಯೆಯು ಕೊಂಡವರು ಎಷ್ಟು ಮಂದಿ, ಅವರ ಹಣ ಎಲ್ಲಿಯದು ಎಂಬುದನ್ನು ಹೇಳುವುದಿಲ್ಲ. 1992ರ ಜನವರಿಯಲ್ಲಿ 2,000 ದಾಟಿದ ಮುಂಬಯಿ ಷೇರುಪೇಟೆಯ ಸಂವೇದಿ ಸೂಚ್ಯಂಕವು ಮಾರ್ಚ್ ಅಂತ್ಯದೊಳಗೆ 4,000ವನ್ನೂ ದಾಟಿತು. ಸರ್ಕಾರಿ ಸಾಲಪತ್ರಗಳ ವ್ಯವಹಾರದ ಹೆಸರಿನಲ್ಲಿ ಬ್ಯಾಂಕುಗಳಿಂದ ಪಡೆದ ಹಣವು ದಲ್ಲಾಳಿ ಹರ್ಷದ್ ಮೆಹ್ತಾ ಅವರ ಮೂಲಕ ಪೇಟೆಗೆ ಹರಿದಿತ್ತೆಂಬುದು ಏಪ್ರಿಲ್‌ನಲ್ಲಿ ಬಯಲಾಯಿತು. ಆ ಹಣದ ಹರಿವು ನಿಂತೊಡನೆ ಬೆಲೆಗಳು ಕುಸಿದವು.

2001ರಲ್ಲಿ ಬೆಳಕಿಗೆ ಬಂದ ಕೇತನ್ ಪಾರೇಖ್ ಪ್ರಕರಣದಲ್ಲಿ ಕೇಳಿಬಂದದ್ದು ಚಕ್ರೀಯ ವಹಿವಾಟು. ಇದರ ರೀತಿ ಸರಳ: ಮೊದಲನೆಯವನು ಒಂದು ಲಕ್ಷ ಷೇರುಗಳನ್ನು ಎರಡನೆಯವನಿಗೆ ಮಾರುತ್ತಾನೆ, ಅವನು ಮೂರನೆಯವನಿಗೆ, ಮೂರನೆಯವನು ಮತ್ತೆ ಮೊದಲನೆಯವನಿಗೆ. ದಾಖಲೆಯಲ್ಲಿ ಮೂರು ಲಕ್ಷ ಷೇರುಗಳ ವಹಿವಾಟು ಕಾಣುತ್ತದೆ. ಹೊರಗಿನವರು ಕೊಂಡದ್ದು ಒಂದೂ ಇಲ್ಲ. ಈ ಸಂಖ್ಯೆಯನ್ನು ನೋಡಿ ಒಳಬರುವ ಸಾಮಾನ್ಯ ಹೂಡಿಕೆದಾರನೇ ನಿಜವಾದ ಮೊದಲ ಗಿರಾಕಿ. ಭಾರತೀಯ ಪ್ರತಿಭೂತಿ ಮತ್ತು ವಿನಿಮಯ ಮಂಡಳಿ, ಅಂದರೆ ಸೆಬಿ, 2003ರಲ್ಲಿ ಪಾರೇಖ್ ಅವರನ್ನು 14 ವರ್ಷಗಳ ಕಾಲ ಪೇಟೆಯ ವ್ಯವಹಾರಗಳಿಂದ ನಿಷೇಧಿಸಿತು. ಅದೇ ವರ್ಷದ ನಿಯಮಾವಳಿಯು ವಹಿವಾಟಿನ ಹುಸಿ ತೋರಿಕೆಯನ್ನು ನಿಷೇಧಿಸುತ್ತದೆ.

ಆದುದರಿಂದ ಒಟ್ಟು ಸಂಖ್ಯೆಯೊಂದಿಗೆ ಡೆಲಿವರಿಯ ಪ್ರಮಾಣವನ್ನೂ ನೋಡಬೇಕಾಗುತ್ತದೆ. ಬೆಳಿಗ್ಗೆ ಕೊಂಡು ಮಧ್ಯಾಹ್ನವೇ ಮಾರಿದ ಷೇರುಗಳು ವಹಿವಾಟಿನಲ್ಲಿ ಸೇರುತ್ತವೆಯಾದರೂ ಕೊಂಡವರ ಖಾತೆಯನ್ನು ಸೇರುವುದಿಲ್ಲ. ಮೇಲಿನ 60,000 ಷೇರುಗಳಲ್ಲಿ 40,000 ಡೆಲಿವರಿಯಾಗಿದ್ದರೆ ಅದು ಒಂದು ಬಗೆ; 5,000 ಮಾತ್ರ ಆಗಿದ್ದರೆ ಅದು ದಿನದಾಟವಷ್ಟೇ. ಷೇರು ವಿನಿಮಯ ಕೇಂದ್ರಗಳು ಈ ವಿವರವನ್ನು ಪ್ರತಿದಿನ ಪ್ರಕಟಿಸುತ್ತವೆ. ಕಂಪನಿಯೊಂದರ ಒಟ್ಟು ಷೇರುಗಳಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚನ್ನು ಒಂದೇ ದಿನ ಕೊಂಡ ಅಥವಾ ಮಾರಿದವರ ಹೆಸರುಗಳೂ ಪ್ರಕಟವಾಗುತ್ತವೆ. ಅದೇ ಕೆಲವು ಹೆಸರುಗಳು ಕೊಳ್ಳುವವರ ಸಾಲಿನಲ್ಲಿಯೂ ಮಾರುವವರ ಸಾಲಿನಲ್ಲಿಯೂ ಮತ್ತೆ ಮತ್ತೆ ಕಂಡುಬಂದರೆ ಸಂದೇಹಪಡಲು ಕಾರಣವಿದೆ.

ಏರಿಕೆಯ ದಿನಗಳಲ್ಲಿ ಕೃತಕ ವಹಿವಾಟಿನಿಂದ ಯಾರಿಗೂ ತೊಂದರೆ ಕಾಣದು. ತೊಂದರೆ ತೋರುವುದು ಮಾರಹೊರಟಾಗ. ಬೆಲೆಯು ದಿನದ ಕೆಳಮಿತಿಯನ್ನು ಮುಟ್ಟಿದ ಷೇರಿಗೆ ಮಾರಾಟದ ಆದೇಶಗಳು ಸಾಲುಗಟ್ಟಿರುತ್ತವೆ, ಕೊಳ್ಳುವವರ ಸಾಲು ಬರಿದಾಗಿರುತ್ತದೆ. ಮಗಳ ಮದುವೆಗೆಂದು ಕೂಡಿಟ್ಟ ಹಣ ಅದರಲ್ಲಿದ್ದರೂ ಅಂದು ಅದು ಕೈಗೆ ಬಾರದು. ಮರುದಿನ ಪೇಟೆ ತೆರೆಯುವಾಗ ಬೆಲೆ ಇನ್ನೂ ಕೆಳಗಿಳಿದಿರಬಹುದು.