ಕಾರವಾರಕ್ಕೆ ಉಳಿದ ಒಂದು ದಂಡೆ

ಕಾರವಾರದಲ್ಲಿ ಹೆದ್ದಾರಿಯ ಒಂದು ಬದಿಗೆ ಊರು, ಇನ್ನೊಂದು ಬದಿಗೆ ಕಡಲು. ನಡುವಣ ಮರಳಿನ ಪಟ್ಟಿಯೇ ರವೀಂದ್ರನಾಥ ಟ್ಯಾಗೋರ್ ಕಡಲತೀರ. ಸಂಜೆಯಾದರೆ ಮನೆಮಂದಿಯೆಲ್ಲ ಬಂದು ಕೂರುವ, ಮಕ್ಕಳು ಮರಳಿನಲ್ಲಿ ಆಡುವ ಈ ವಿಹಾರತಾಣಕ್ಕೆ ಬಂಗಾಳದ ಕವಿಯ ಹೆಸರು ಬಂದದ್ದು ಹೇಗೆ?

1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರರು ಸೇವೆ ಸಲ್ಲಿಸುತ್ತಿದ್ದುದು ಮುಂಬಯಿ ಪ್ರಾಂತದಲ್ಲೇ. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ಹರೆಯದ ತಮ್ಮ ರವೀಂದ್ರನಾಥರು ಬಂದು ತಂಗಿದರು. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಲೋಕವನ್ನು ತೊರೆದ ಸನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯೊಬ್ಬಳು ಮತ್ತೆ ಲೋಕದ ಪ್ರೀತಿಗೆ ಎಳೆದು ತರುವುದು ಅದರ ವಸ್ತು.

ತಮ್ಮ ಆತ್ಮಕಥನದಲ್ಲಿ ಕವಿ ಈ ತೀರದ ಗಾಳಿಮರಗಳನ್ನೂ ನೆನೆದಿದ್ದಾರೆ. ಆದರೆ ಅದು ತಾನಾಗಿ ಬೆಳೆದ ಕಾಡಲ್ಲ. ಆಗ್ನೇಯ ಏಷ್ಯಾ ಮತ್ತು ಆಸ್ಟ್ರೇಲಿಯಾ ಕಡೆಯ ಈ ಮರವನ್ನು ಕಾರವಾರದಲ್ಲಿ ನೆಡಲಾರಂಭಿಸಿದ್ದು 1868ರ ಸುಮಾರಿಗೆ. ಕವಿ ಕಂಡದ್ದು ಹದಿನೈದು ವರ್ಷದ ನೆಡುತೋಪನ್ನು!

ವಿಹಾರಕ್ಕೆ ಬರುವವರಿಗಿಂತ ಬಹು ಹಿಂದಿನಿಂದ ಈ ದಂಡೆ ಮೀನುಗಾರರ ದುಡಿಮೆಯ ಜಾಗ. ದೋಣಿ ಇಳಿಸಲು, ಬಲೆ ಎಳೆಯಲು, ಮೀನು ಒಣಗಿಸಲು ಮರಳು ಬೇಕು. ಊರಿನ ದಕ್ಷಿಣಕ್ಕೆ ಅಂಥ ತೀರಗಳು ಇನ್ನೂ ಇದ್ದವು. 1986ರಲ್ಲಿ ಅರ್ಗಾದಲ್ಲಿ ಶಂಕುಸ್ಥಾಪನೆಯಾದ 'ಸೀ ಬರ್ಡ್' ನೌಕಾನೆಲೆಗಾಗಿ ಅವುಗಳಲ್ಲಿ ಹಲವು ನೌಕಾಪಡೆಯ ವಶವಾದವು. ಹಳ್ಳಿಗರು ನೆಲೆ ಕಳೆದುಕೊಂಡರು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಮರುವರ್ಷ ನಿವೃತ್ತ ಯುದ್ಧನೌಕೆ 'ಚಪಲ್' ಟ್ಯಾಗೋರ್ ತೀರಕ್ಕೆ ಬಂದು ವಸ್ತುಸಂಗ್ರಹಾಲಯವಾಯಿತು.

ಆದ್ದರಿಂದಲೇ ಪಕ್ಕದ ವಾಣಿಜ್ಯ ಬಂದರಿನ ವಿಸ್ತರಣೆಗೆಂದು ಇಲ್ಲಿ ಅಲೆತಡೆಗೋಡೆ ಕಟ್ಟಲು ಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ಪಟ್ಟಣವೂ ಬಂದ್ ಆಚರಿಸಿ ಬೆಂಬಲಕ್ಕೆ ನಿಂತಿತು. ವಿವಾದ ಹೈಕೋರ್ಟಿನ ಮೆಟ್ಟಿಲೇರಿ ಕಾಮಗಾರಿಗೆ ತಡೆಯಾಜ್ಞೆ ಬಂತು. ಅಲೆಗಳ ಹಾದಿಗೆ ಗೋಡೆ ಅಡ್ಡ ಬಂದರೆ ಮರಳು ಒಂದೆಡೆ ಸೇರಿಕೊಂಡು ಇನ್ನೊಂದೆಡೆ ಕೊರೆದುಹೋಗುವುದು ಕಡಲಿನ ಸಹಜ ಗುಣ. ಜನರ ಭೀತಿ ನಿರಾಧಾರವಾಗಿರಲಿಲ್ಲ.

ಬಲೆ ಎಳೆಯುವವರೂ ಗಾಳಿ ಸೇವನೆಗೆ ಬರುವವರೂ ಅಂದು ಒಟ್ಟಾದದ್ದು ಈ ಕಾರಣಕ್ಕೆ. ಮೊದಲಿನವರಿಗೆ ಅದು ಅನ್ನ, ಎರಡನೆಯವರಿಗೆ ಬಿಡುವು. ಮರಳು ಮಾತ್ರ ಒಂದೇ.