ಓಡುವ ನಾಡಿನ ಏದುಸಿರು

ಬೆಂಗಳೂರಿನ ಮನೆಗಳಲ್ಲಿ ಬೆಳಗಿನ ಡಿಕಾಕ್ಷನ್ ಫಿಲ್ಟರಿನಿಂದ ತೊಟ್ಟಿಕ್ಕುವ ವೇಳೆಗೆ ವಿಯೆಟ್ನಾಮಿನ ರಾಜಧಾನಿ ಹನೋಯ್‌ನಲ್ಲಿ ಹೊತ್ತೇರಿರುತ್ತದೆ. ಅಲ್ಲಿಯ ರಸ್ತೆಬದಿಗಳಲ್ಲಿ, ಮೊಣಕಾಲೆತ್ತರದ ಪುಟ್ಟ ಪೀಠಗಳ ಮೇಲೆ ಕುಳಿತವರ ಮುಂದೆಯೂ ಲೋಹದ ಫಿಲ್ಟರುಗಳಿರುತ್ತವೆ. ಅವುಗಳಿಂದಲೂ ಕಾಫಿ ಹನಿಹನಿಯಾಗಿಯೇ ಇಳಿಯುತ್ತದೆ. ಕಾಯಿಸಿದ ಹಾಲಿಗೆ ಬದಲಾಗಿ ಡಬ್ಬಿಯ ಗಟ್ಟಿ ಸಿಹಿಹಾಲನ್ನು ಬೆರೆಸುವುದೊಂದೇ ಭೇದ.

ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರಿಗೆ ಈ ನಾಡಿನ ಹೆಸರು ಹೊಸದಲ್ಲ. ಅಲ್ಲಿ ಮಳೆ ಹೆಚ್ಚಿದರೂ ತಗ್ಗಿದರೂ ಇಲ್ಲಿಯ ರೊಬಸ್ಟಾ ಧಾರಣೆ ಅಲುಗಾಡುತ್ತದೆ. ಒಂದು ಕಾಲಕ್ಕೆ ಉಣ್ಣುವ ಅಕ್ಕಿಗೂ ಹೊರನಾಡಿನ ಕಡೆ ನೋಡುತ್ತಿದ್ದ ದೇಶವೊಂದು ಇಂದು ಲೋಕದ ಪೇಟೆಗಳನ್ನು ಅಲುಗಾಡಿಸುವ ಸ್ಥಿತಿಗೆ ಬಂದುದು ಹೇಗೆ? ಆ ಓಟದಲ್ಲಿ ಅದಕ್ಕೆ ಏದುಸಿರು ಬರುತ್ತಿರುವುದು ಏತಕ್ಕೆ?

ಬೇಲಿ ದಾಟಿದವನು

ಕಥೆ ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಗದ್ದೆಯಲ್ಲಿ. 1966ರಲ್ಲಿ ಉತ್ತರ ವಿಯೆಟ್ನಾಮಿನ ವಿನ್ ಫುಕ್ ಪ್ರಾಂತದಲ್ಲಿ ಕಿಮ್ ನ್ಗೊಕ್ ಎಂಬ ಪಕ್ಷದ ಕಾರ್ಯದರ್ಶಿಯಿದ್ದ. ಸಹಕಾರಿ ಬೇಸಾಯದಲ್ಲಿ ದುಡಿಮೆ ಎಲ್ಲರದು, ಫಲ ಯಾರದೂ ಅಲ್ಲ ಎಂಬಂತಾಗಿ ಗದ್ದೆಗಳು ಸೊರಗಿದ್ದವು. ಆತ ಗದ್ದೆಗಳನ್ನು ಗುತ್ತಿಗೆಯ ರೀತಿಯಲ್ಲಿ ಒಂದೊಂದು ಕುಟುಂಬಕ್ಕೂ ವಹಿಸಿಕೊಟ್ಟ. ಪಕ್ಷದ ಹಿರಿಯರು ಅದನ್ನು ಸಹಿಸಲಿಲ್ಲ. 1968ರಲ್ಲಿ ಹಿರಿಯ ನಾಯಕ ಟ್ರುವಾಂಗ್ ಚಿನ್ ಈ ಪ್ರಯೋಗವನ್ನು ಬಹಿರಂಗವಾಗಿ ಖಂಡಿಸಿದರು, ಪ್ರಯೋಗ ನಿಂತಿತು. ಕಿಮ್ ನ್ಗೊಕ್ 1979ರಲ್ಲಿ ತೀರಿಕೊಂಡ.

ಕಾಲದ ವಿಪರ್ಯಾಸವನ್ನು ನೋಡಬೇಕು. 1975ರಲ್ಲಿ ಯುದ್ಧ ಮುಗಿದರೂ ಬಡತನ ಮುಗಿಯಲಿಲ್ಲ. ಅಕ್ಕಿ, ಬಟ್ಟೆ, ಸೀಮೆಎಣ್ಣೆಗಳಿಗೆಲ್ಲ ಪಡಿತರ ಚೀಟಿ, ಉದ್ದುದ್ದ ಸಾಲು. 1986ರಲ್ಲಿ ಹಣದುಬ್ಬರ ಶೇಕಡ 700ನ್ನೂ ಮೀರಿತು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಪಕ್ಷದ ಆರನೆಯ ಮಹಾಧಿವೇಶನವು ‘ದೊಯ್ ಮೊಯ್’, ಎಂದರೆ ನವೀಕರಣ, ಎಂಬ ನೀತಿಯನ್ನು ಅಂಗೀಕರಿಸಿತು. ಅದಕ್ಕೆ ನೆಲ ಹದಮಾಡಿಕೊಟ್ಟ ಪ್ರಧಾನ ಕಾರ್ಯದರ್ಶಿ ಬೇರಾರೂ ಅಲ್ಲ, ಕಿಮ್ ನ್ಗೊಕ್‌ನನ್ನು ಖಂಡಿಸಿದ್ದ ಅದೇ ಟ್ರುವಾಂಗ್ ಚಿನ್!

1988ರಲ್ಲಿ ಬೇಸಾಯದ ಹೊಣೆ ಅಧಿಕೃತವಾಗಿಯೇ ಕುಟುಂಬಗಳ ಕೈಗೆ ಬಂತು. ನೆಲ ಅದೇ, ನೇಗಿಲು ಅದೇ, ರೈತನೂ ಅವನೇ. ಆದರೆ 1989ರ ಹೊತ್ತಿಗೆ ವಿಯೆಟ್ನಾಂ ಅಕ್ಕಿಯನ್ನು ಹೊರದೇಶಗಳಿಗೆ ಮಾರತೊಡಗಿತ್ತು.

ಹೆಬ್ಬಾಗಿಲು ತೆರೆದ ಮೇಲೆ

ಅನಂತರ ಬಾಗಿಲುಗಳು ಒಂದೊಂದಾಗಿ ತೆರೆದುವು. 1994ರಲ್ಲಿ ಅಮೆರಿಕ ತನ್ನ ವ್ಯಾಪಾರ ನಿರ್ಬಂಧವನ್ನು ತೆಗೆದುಹಾಕಿತು. 1995ರಲ್ಲಿ ಉಭಯ ದೇಶಗಳ ಬಾಂಧವ್ಯ ಮತ್ತೆ ಕುದುರಿತು. 2007ರಲ್ಲಿ ವಿಯೆಟ್ನಾಂ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವವನ್ನು ಪಡೆಯಿತು. ಹನೋಯ್‌ಗೆ ಸಮೀಪದ ಬಾಕ್ ನಿನ್ ಪ್ರಾಂತದಲ್ಲಿ ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಕಂಪನಿ ಕಾರ್ಖಾನೆ ಹೂಡಿತು. ಆ ಕಂಪನಿಯ ಫೋನುಗಳಲ್ಲಿ ಸುಮಾರು ಅರ್ಧದಷ್ಟು ಈ ನಾಡಿನಲ್ಲಿಯೇ ಜೋಡಣೆಗೊಳ್ಳುವಂತಾಯಿತು. ಪಾದರಕ್ಷೆ, ಉಡುಪು, ಪೀಠೋಪಕರಣಗಳೂ ಹಡಗು ಹಡಗಾಗಿ ಹೊರಟವು. 2023ರಲ್ಲಿ ಜನಸಂಖ್ಯೆ 10 ಕೋಟಿಯನ್ನು ಮುಟ್ಟಿತು. 2045ರೊಳಗೆ ಶ್ರೀಮಂತ ರಾಷ್ಟ್ರಗಳ ಸಾಲಿನಲ್ಲಿ ನಿಲ್ಲಬೇಕೆಂಬುದು ಸರಕಾರದ ಸಂಕಲ್ಪ.

ಕಾಫಿ ಕಲಿಸಿದ ಪಾಠ

ಆದರೆ ಓಟವೆಂದ ಮೇಲೆ ಎಡವುವುದೂ ಉಂಟು. ಅದನ್ನು ಮೊದಲು ಕಲಿಸಿದ್ದು ಕಾಫಿಯೇ. ಮಧ್ಯ ಪ್ರಸ್ಥಭೂಮಿಯ ಡಾಕ್ ಲಾಕ್ ಪ್ರಾಂತದ ಕೆಂಪು ಮಣ್ಣಿನಲ್ಲಿ ರೈತರು ಕಾಡು ಕಡಿದು ರೊಬಸ್ಟಾ ನೆಟ್ಟರು. ಬಾವಿ ತೋಡಿ ಬೇಸಗೆಯಲ್ಲೂ ಗಿಡಗಳಿಗೆ ನೀರುಣಿಸಿದರು. ಇಪ್ಪತ್ತು ವರ್ಷ ತುಂಬುವುದರೊಳಗೆ ವಿಯೆಟ್ನಾಂ ಕೊಲಂಬಿಯವನ್ನು ಹಿಂದಿಕ್ಕಿ, ಬ್ರೆಜಿಲ್ ಒಂದನ್ನು ಬಿಟ್ಟರೆ ತಾನೇ ಎಂಬಂತಾಯಿತು.

ಎಲ್ಲರೂ ಒಮ್ಮೆಗೇ ಬೆಳೆದರೆ ಕೊಳ್ಳುವವರಾರು? 2001ರಲ್ಲಿ ರೊಬಸ್ಟಾ ಬೆಲೆ ಟನ್ನಿಗೆ 500 ಡಾಲರಿಗಿಂತಲೂ ಕೆಳಕ್ಕೆ ಕುಸಿಯಿತು. ಡಾಕ್ ಲಾಕಿನ ರೈತ ಸಾಲದಲ್ಲಿ ಮುಳುಗಿದ. ಸಮುದ್ರದಾಚೆ ಕೊಡಗಿನ ಬೆಳೆಗಾರನೂ ಅದೇ ಸುಳಿಗೆ ಸಿಕ್ಕಿದ. ಹಲವರು ಗಿಡ ಕಿತ್ತರು. ಮುಂದೆ ದುರಿಯನ್ ಹಣ್ಣಿಗೆ ಚೀನದಲ್ಲಿ ಬೇಡಿಕೆಯೇರಿದಾಗ ಮತ್ತೆ ಕೆಲವರು ಕಾಫಿ ತೋಟಗಳಲ್ಲಿ ಆ ಮರಗಳನ್ನು ನೆಟ್ಟರು. ಬರವೂ ಬಂತು, ಫಸಲು ಇಳಿಯಿತು. 2024ರಲ್ಲಿ ಅದೇ ರೊಬಸ್ಟಾ 5,000 ಡಾಲರನ್ನು ದಾಟಿತು. ಈ ಸಲ ಕೊಡಗಿನ ಅಂಗಳದಲ್ಲಿಯೂ ನಗೆ ಮೂಡಿತು. ನಗರದ ಗೃಹಿಣಿಗೆ ಮಾತ್ರ ಕಾಫಿಪುಡಿ ತುಟ್ಟಿಯಾಯಿತು.

ಗಂಟು ಯಾರ ಪಾಲಿಗೆ?

ಕಾಫಿಯ ಕಥೆಯಲ್ಲಿರುವ ನೋವೇ ಕಾರ್ಖಾನೆಗಳ ಕಥೆಯಲ್ಲೂ ಇದೆ. ವಿಯೆಟ್ನಾಮಿನ ಕಾಫಿಯಲ್ಲಿ ಬಹುಪಾಲು ಇಂದಿಗೂ ಹಸಿರು ಬೀಜವಾಗಿಯೇ ಹಡಗೇರುತ್ತದೆ. ಅದನ್ನು ಹುರಿದು, ಪುಡಿಮಾಡಿ, ಅಂದವಾದ ಪೊಟ್ಟಣದಲ್ಲಿ ಹೆಸರು ಹಚ್ಚಿ ಮಾರುವ ಲಾಭ ಬೇರೆಯವರದು. ಹಾಗೆಯೇ ದೇಶದ ರಫ್ತಿನಲ್ಲಿ ಸುಮಾರು ಶೇಕಡ 70 ಭಾಗ ವಿದೇಶೀ ಬಂಡವಾಳದ ಕಂಪನಿಗಳದು. ಬಿಡಿಭಾಗಗಳು ಕೊರಿಯ, ಚೀನಗಳಿಂದ ಬರುತ್ತವೆ. ಜೋಡಿಸುವ ಕೈಗಳು ಮಾತ್ರ ವಿಯೆಟ್ನಾಮಿನವು. ಕೂಲಿ ಊರಿನಲ್ಲಿ ಉಳಿಯುತ್ತದೆ. ಕುಶಲತೆಯ ಬೆಲೆ ಊರು ಬಿಡುತ್ತದೆ.

ಹಾಗಾದರೆ ದೇಶೀಯ ವ್ಯಾಪಾರಿ ಎಲ್ಲಿ? ಅವನು ರಸ್ತೆಬದಿಯಲ್ಲಿಯೇ ಇದ್ದಾನೆ. ಮನೆಯ ಮುಂಭಾಗವನ್ನೇ ಅಂಗಡಿ ಮಾಡಿಕೊಂಡ ಕುಟುಂಬ ವ್ಯಾಪಾರಗಳು ಅಲ್ಲಿ 50 ಲಕ್ಷವನ್ನು ಮೀರಿವೆ. ದೊಡ್ಡದಾಗಲು ಸಾಲ ಬೇಕು, ಸಾಲಕ್ಕೆ ಅಡಮಾನ ಬೇಕು. ಕಂಪನಿಯಾಗಿ ನೋಂದಾಯಿಸಿದರೆ ಲೆಕ್ಕಪತ್ರ, ತಪಾಸಣೆಗಳ ಭಾರ. ಚಿಕ್ಕದಾಗಿದ್ದರೇ ಕ್ಷೇಮವೆಂದು ಬಹಳ ಮಂದಿ ಚಿಕ್ಕವರಾಗಿಯೇ ಉಳಿದರು. ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡಬಲ್ಲ ನಡುವಣ ಗಾತ್ರದ ಉದ್ಯಮಿಗಳೇ ಅಲ್ಲಿ ವಿರಳ. ಈ ಕೊರತೆಯನ್ನು ಕಂಡೇ 2025ರ ಮೇ ತಿಂಗಳಿನಲ್ಲಿ ಪಕ್ಷವು ಖಾಸಗಿ ಉದ್ಯಮವನ್ನು ಆರ್ಥಿಕ ವ್ಯವಸ್ಥೆಯ ಅತಿಮುಖ್ಯ ಚಾಲಕಶಕ್ತಿಯೆಂದು ಸಾರಿ, 2030ರೊಳಗೆ 20 ಲಕ್ಷ ಉದ್ಯಮಗಳಿರಬೇಕೆಂದು ಗುರಿಯಿಟ್ಟಿತು.

ಅಡಚಣೆಗಳು ಇಷ್ಟಕ್ಕೇ ನಿಲ್ಲುವುದಿಲ್ಲ. 2023ರ ಬೇಸಗೆಯಲ್ಲಿ ಜಲಾಶಯಗಳು ಬತ್ತಿ, ಉತ್ತರದ ಕೈಗಾರಿಕಾ ವಲಯಗಳಲ್ಲಿ ವಿದ್ಯುತ್ ನಿಂತು ಯಂತ್ರಗಳು ಮೌನವಾದುವು. 2025ರ ಏಪ್ರಿಲಿನಲ್ಲಿ, ವಿಯೆಟ್ನಾಮಿನ ಅತಿ ದೊಡ್ಡ ಗಿರಾಕಿಯಾದ ಅಮೆರಿಕ, ಅದರ ಸರಕಿನ ಮೇಲೆ ಶೇಕಡ 46ರ ಸುಂಕವನ್ನು ಘೋಷಿಸಿತು. ಮಾತುಕತೆಗಳ ಬಳಿಕ ಅದು ಶೇಕಡ 20ಕ್ಕೆ ಇಳಿಯಿತಾದರೂ, ಒಂದೇ ಗಿರಾಕಿಯನ್ನು ನಂಬಿದ ಅಂಗಡಿಯ ಪಾಡೇನೆಂಬುದು ಎಲ್ಲರಿಗೂ ಮನದಟ್ಟಾಯಿತು. ಇದರ ಮೇಲೆ ವಯಸ್ಸಿನ ಚಿಂತೆ. ಜನನ ಪ್ರಮಾಣ ಇಳಿಯುತ್ತಿರುವುದನ್ನು ಕಂಡು, ಕುಟುಂಬಕ್ಕೆ ಎರಡೇ ಮಕ್ಕಳೆಂಬ ಹಳೆಯ ಕಟ್ಟಳೆಯನ್ನು 2025ರ ಜೂನ್‌ನಲ್ಲಿ ಕೈಬಿಡಲಾಯಿತು. ಕೈಯಲ್ಲಿ ಹಣ ಕೂಡುವ ಮೊದಲೇ ತಲೆಯಲ್ಲಿ ನರೆ ಮೂಡೀತೆಂಬ ಭಯ ಅಲ್ಲಿಯ ಹಿರಿಯರಿಗಿದೆ.

ಇಷ್ಟಾದರೂ ನಿರಾಶೆಗೆ ಕಾರಣವಿಲ್ಲ. ಡಾಕ್ ಲಾಕಿನ ಮುಖ್ಯ ಪಟ್ಟಣವಾದ ಬುವಾನ್ ಮಾ ಥುವೊಟ್‌ನಲ್ಲಿ 1996ರಲ್ಲಿ ಸಣ್ಣದಾಗಿ ಹುಟ್ಟಿದ ಟ್ರುಂಗ್ ನ್ಗುಯೆನ್ ಎಂಬ ಕಾಫಿ ಸಂಸ್ಥೆ ತನ್ನ ಹೆಸರಿನ ಪೊಟ್ಟಣಗಳನ್ನೇ ಹೊರದೇಶಗಳಿಗೆ ಮಾರುವಷ್ಟು ಬೆಳೆಯಿತು. ಬೀಜ ಬೆಳೆಯಬಲ್ಲವನು ಅದನ್ನು ಹುರಿಯಲೂ ಬಲ್ಲ, ಅದಕ್ಕೆ ತನ್ನ ಹೆಸರನ್ನು ಹಚ್ಚಲೂ ಬಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಅಂದು ಕಿಮ್ ನ್ಗೊಕ್ ಕಂಡುಕೊಂಡಿದ್ದ ಸತ್ಯ ಸರಳವಾದುದು: ದುಡಿದವನ ಕೈಗೆ ಫಲ ಸೇರಿದರೆ ಗದ್ದೆ ತಾನಾಗಿ ತುಂಬುತ್ತದೆ. ಗದ್ದೆಗೆ ಒಪ್ಪಿದ ಆ ಮಾತು ಕಾರ್ಖಾನೆಗೂ ಒಪ್ಪುವಂತೆ ಮಾಡುವುದೇ ಇಂದು ವಿಯೆಟ್ನಾಮಿನ ಮುಂದಿರುವ ಕೆಲಸ. ಹೊರಗಿನ ಬಂಡವಾಳಕ್ಕೆ ಕೆಂಪು ಹಾಸು ಹಾಸುವ ಪ್ರತಿಯೊಂದು ನಾಡೂ, ನಮ್ಮದೂ ಸೇರಿದಂತೆ, ಈ ಪರೀಕ್ಷೆಯನ್ನು ಒಂದಲ್ಲ ಒಂದು ದಿನ ಎದುರಿಸಬೇಕಾದುದೇ. ಮೂಟೆ ಹೊರುವುದರಿಂದ ಹೊಟ್ಟೆ ತುಂಬೀತು. ಮೂಟೆಯ ಮೇಲೆ ತನ್ನ ಮುದ್ರೆ ಬಿದ್ದ ದಿನವೇ ಮನೆ ತುಂಬುವುದು.